ದೊಡ್ಡ ತಂಡ ಸೋತಾಗ ಎರಡೂ ಗೋಲ್‌ಕೀಪರರ ಲೆಕ್ಕ: ಕಿರು ಐಸ್ ಹಾಕಿ ಟೂರ್ನಿಗಳಲ್ಲಿ ನನ್ನ ಅನುಭವ

ಒಲಿಂಪಿಕ್ಸ್‌ನಲ್ಲೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲೋ ಸಣ್ಣ ತಂಡವೊಂದು ದೊಡ್ಡ ತಂಡವನ್ನು ಕೆಡವಿದರೆ, ಮರುದಿನ ಎಲ್ಲರ ಬಾಯಲ್ಲೂ ಗೆದ್ದ ತಂಡದ ಗೋಲ್‌ಕೀಪರನ ಹೆಸರೇ. ಅವನು ಅಷ್ಟು ತಡೆದ, ಇಷ್ಟು ತಡೆದ ಎಂಬ ಹೊಗಳಿಕೆ. ಹೊಗಳಿಕೆ ನ್ಯಾಯವೇ. ಆದರೆ ಹಾಳೆಯಲ್ಲಿ ಎರಡೂ ಗೋಲ್‌ಕೀಪರರ ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿದರೆ, ಪ್ರಸಿದ್ಧವಾದ ಅಚ್ಚರಿಗಳಲ್ಲಿ ಹೆಚ್ಚಿನ ಪಾಲು ಬಂದದ್ದು ಇನ್ನೊಂದು ತುದಿಯಿಂದ. ಕಡಿಮೆ ಶಾಟ್ (ಬಲೆಯತ್ತ ನೇರ ಬಂದ ಹೊಡೆತ) ಎದುರಿಸಿದ ದೊಡ್ಡ ತಂಡದ ಗೋಲ್‌ಕೀಪರ್ ಬಿಡಬಾರದ ಎರಡು ಗೋಲ್ ಬಿಟ್ಟಿರುತ್ತಾನೆ. ಈ ಲೆಕ್ಕ ನಾನು ಹಾಕುವ ಬಗೆ ಹೀಗೆ.

ಶಿರಸಿಯಲ್ಲಿ ಕೂತು ಇದನ್ನು ಮಾಡಲು ಬೇಕಾದದ್ದು ಒಂದು ಲ್ಯಾಪ್‌ಟಾಪ್, ಎಕ್ಸೆಲ್ ಹಾಳೆ, ಪ್ರತಿ ಪಂದ್ಯದ ಅಧಿಕೃತ ಅಂಕಪಟ್ಟಿ. ವಿಶ್ವ ಚಾಂಪಿಯನ್‌ಶಿಪ್ ನಡೆಯುವುದು ಮೇ ತಿಂಗಳಲ್ಲಿ. ಯುರೋಪಿನ ಮಧ್ಯಾಹ್ನದ ನಂತರದ ಪಂದ್ಯ ನಮಗೆ ರಾತ್ರಿ ಎಂಟರ ಹೊತ್ತಿಗೆ, ಅಲ್ಲಿಯ ರಾತ್ರಿಯ ಪಂದ್ಯ ನಮಗೆ ಹನ್ನೆರಡರ ಸುಮಾರಿಗೆ. ಆ ದಿನಗಳಲ್ಲಿ ಘಟ್ಟದ ಮೇಲೆ ಸಂಜೆಯಾದರೆ ಗುಡುಗು ಮಳೆ, ಕರೆಂಟ್ ನಂಬುವ ಹಾಗಿಲ್ಲ. ಕೆಳಗೆ ಕಾರವಾರ, ಕುಮಟಾದಲ್ಲಿರುವವರಿಗೂ ಅದೇ ಪಾಡು. ಲೈವ್ ತಪ್ಪಿದರೂ ಲೆಕ್ಕಕ್ಕೆ ಏನೂ ಕೊರತೆಯಾಗುವುದಿಲ್ಲ, ಅಂಕಪಟ್ಟಿ ಮರುದಿನವೂ ಸಿಗುತ್ತದೆ.

ಪ್ರತಿ ಗೋಲ್‌ಕೀಪರನಿಗೆ ಪಂದ್ಯಕ್ಕೊಂದು ಸಾಲು. ಆಡಿದ ನಿಮಿಷ, ಎದುರಿಸಿದ ಶಾಟ್, ಬಿಟ್ಟ ಗೋಲ್, ಅದರಲ್ಲಿ ಎದುರಾಳಿಯ ಪವರ್ ಪ್ಲೇಯಲ್ಲಿ (ನಮ್ಮವನೊಬ್ಬ ಶಿಕ್ಷೆಯಾಗಿ ಹೊರಗಿದ್ದಾಗ) ಬಂದದ್ದು ಎಷ್ಟು, ಎದುರಾಳಿ ಯಾರು. ಮುಂದಿನ ಕಾಲಂನಲ್ಲಿ ಶಾಟ್ ಸಂಖ್ಯೆಯನ್ನು 0.09ರಿಂದ ಗುಣಿಸುತ್ತೇನೆ. ಅಂದರೆ ಸಾಧಾರಣ ಗೋಲ್‌ಕೀಪರ್ 100ರಲ್ಲಿ 91 ತಡೆಯುತ್ತಾನೆ ಎಂಬ ಅಳತೆ. ಬಂದ ಸಂಖ್ಯೆಯಿಂದ ಅವನು ನಿಜವಾಗಿ ಬಿಟ್ಟ ಗೋಲ್ ಕಳೆದರೆ ಆ ದಿನ ಅವನು ತಂಡಕ್ಕೆ ಉಳಿಸಿಕೊಟ್ಟದ್ದೆಷ್ಟು, ಕಳೆದದ್ದೆಷ್ಟು ಎಂಬುದು ಸಿಗುತ್ತದೆ. ಕಾಲಕ್ಕೆ ತಕ್ಕಂತೆ ಅಳತೆ ಬದಲಾಗಬೇಕು. 1980ರ ಸುಮಾರಿನ ಪಂದ್ಯಗಳಿಗೆ 88 ಇಡುತ್ತೇನೆ, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈಚೆಗೆ ಅದು 90ರ ಹತ್ತಿರ ಇಳಿದಿದೆ.

ತುಂಬುವಾಗ ಕೆಡುವ ಜಾಗಗಳಿವೆ. ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರನನ್ನು ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸಿದಾಗ ಖಾಲಿ ಬಲೆಗೆ ಬಿದ್ದ ಗೋಲನ್ನು ಅವನ ತಲೆಗೆ ಕಟ್ಟಬಾರದು. ತಂಡದ ಒಟ್ಟು ಶಾಟ್ ಸಂಖ್ಯೆಯಲ್ಲಿ ಅದು ಸೇರಿರುತ್ತದೆ, ಗೋಲ್‌ಕೀಪರನ ಸಾಲಿನಲ್ಲಿ ಇರುವುದಿಲ್ಲ. ಆದ್ದರಿಂದ ತಂಡದ ಮೊತ್ತದಿಂದ ಎತ್ತಿಕೊಳ್ಳದೆ ಅವನ ಸಾಲಿನಿಂದಲೇ ಎತ್ತಬೇಕು. ಪಂದ್ಯದ ನಡುವೆ ಗೋಲ್‌ಕೀಪರ್ ಬದಲಾದರೆ ಎರಡು ಸಾಲು. ಸಮಬಲವಾದಾಗ ಒಬ್ಬೊಬ್ಬರೇ ಗೋಲ್‌ಕೀಪರನ ಎದುರು ಹೊಡೆಯುವ ಶೂಟ್‌ಔಟ್ ಪೂರ್ತಿ ಹೊರಗೆ. ಕಂಬಕ್ಕೆ ಬಡಿದದ್ದು, ರಕ್ಷಕನ ಮೈಗೆ ತಾಗಿ ನಿಂತದ್ದು ಶಾಟ್ ಲೆಕ್ಕಕ್ಕೆ ಬರುವುದಿಲ್ಲ. ಗುಂಪಿನ ಹಂತದಲ್ಲಿ ತೀರ ದುರ್ಬಲ ತಂಡದ ಎದುರು ಹತ್ತು ಹನ್ನೆರಡು ಸಲೀಸು ಶಾಟ್ ತಡೆದು ಒಂದೂ ಗೋಲ್ ಬಿಡದ ಪಂದ್ಯವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಡುತ್ತೇನೆ, ಅದು ಸರಾಸರಿಯನ್ನು ಸುಮ್ಮನೆ ಉಬ್ಬಿಸುತ್ತದೆ.

ಈಗ ನಾಲ್ಕು ಪಂದ್ಯ. 1980ರ ಫೆಬ್ರವರಿ 22, ಲೇಕ್ ಪ್ಲ್ಯಾಸಿಡ್. ಅಮೆರಿಕ 4, ಸೋವಿಯತ್ ಒಕ್ಕೂಟ 3. ಅಮೆರಿಕದ ಜಿಮ್ ಕ್ರೇಗ್ 39ರಲ್ಲಿ 36 ತಡೆದ. 88ರ ಅಳತೆಯಲ್ಲಿ 4.7 ಗೋಲ್ ಬೀಳಬೇಕಿತ್ತು, ಬಿದ್ದದ್ದು 3, ಉಳಿಸಿದ್ದು 1.7. ಇನ್ನೊಂದು ಬಲೆಗೆ ಹೋದದ್ದು ಬರೀ 16 ಶಾಟ್. 1.9 ಬೀಳಬೇಕಾದಲ್ಲಿ 4 ಬಿತ್ತು, ನಷ್ಟ 2.1. ಆ ನಾಲ್ಕರಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಮೊದಲ ಅವಧಿ ಮುಗಿಯಲು ಕೆಲವೇ ಕ್ಷಣ. ಡೇವ್ ಕ್ರಿಶ್ಚಿಯನ್ ಬಹು ದೂರದಿಂದ ಬಾರಿಸಿದ. ವ್ಲಾದಿಸ್ಲಾವ್ ತ್ರೆತ್ಯಾಕ್ ತಡೆದ, ಆದರೆ ಪಕ್ (ಆಟದ ಚಪ್ಪಟೆ ಬಿಲ್ಲೆ) ಬದಿಗೆ ಹೋಗದೆ ನೇರ ಮುಂದಕ್ಕೆ ಪುಟಿಯಿತು. ಇಬ್ಬರು ರಕ್ಷಕರ ನಡುವೆ ನುಗ್ಗಿದ ಮಾರ್ಕ್ ಜಾನ್ಸನ್ ಒಂದು ಸೆಕೆಂಡ್ ಉಳಿದಿರುವಾಗ ಅದನ್ನು ಒಳಗೆ ಹಾಕಿದ. ಎರಡನೇ ಅವಧಿಗೆ ತ್ರೆತ್ಯಾಕ್ ಬದಲು ವ್ಲಾದಿಮಿರ್ ಮಿಷ್ಕಿನ್ ಬಂದ.

2002, ಸಾಲ್ಟ್ ಲೇಕ್ ಸಿಟಿ, ಕ್ವಾರ್ಟರ್ ಫೈನಲ್. ಬೆಲಾರುಸ್ 4, ಸ್ವೀಡನ್ 3. ಆಂದ್ರೇ ಮೆಝಿನ್ 47ರಲ್ಲಿ 44 ತಡೆದ, ಉಳಿಸಿದ್ದು 1.2. ಸ್ವೀಡನ್ನಿನ ಟೊಮ್ಮಿ ಸಾಲೊ 19 ಶಾಟ್‌ಗೆ 4 ಬಿಟ್ಟ, ನಷ್ಟ 2.3. ಕೊನೆಯದು ವ್ಲಾದಿಮಿರ್ ಕೊಪಾತ್ ಮೈದಾನದ ನಡುಗೆರೆಯ ಹತ್ತಿರದಿಂದ ಹೊಡೆದದ್ದು. ಸಾಲೊನ ಮಾಸ್ಕ್‌ಗೆ ಬಡಿದು ಮೇಲಕ್ಕೆ ಹಾರಿ, ಬೆನ್ನ ಹಿಂದೆ ಬಿದ್ದು ಗೆರೆ ದಾಟಿತು. ಎದುರಿಗೆ ಮರೆಯಾಗಿ ನಿಂತವರಿಲ್ಲ, ದಾರಿಯಲ್ಲಿ ಕೋಲು ತಾಗಲಿಲ್ಲ.

2010ರ ವ್ಯಾಂಕೂವರ್‌ನಲ್ಲಿ ಗುಂಪಿನ ಹಂತ. ಅಮೆರಿಕ 5, ಕೆನಡಾ 3. ರಯಾನ್ ಮಿಲ್ಲರ್ 45ರಲ್ಲಿ 42 ತಡೆದು ಒಂದು ಗೋಲ್ ಉಳಿಸಿದ. ಕೆನಡಾದ ಮಾರ್ಟಿನ್ ಬ್ರೊಡೂರ್ 22ಕ್ಕೆ 4 ಬಿಟ್ಟ, ನಷ್ಟ ಎರಡು. ಐದನೆಯದು ಖಾಲಿ ಬಲೆಯದು, ಅವನದಲ್ಲ. ಮುಂದಿನ ಪಂದ್ಯದಿಂದ ಕೆನಡಾ ರಾಬರ್ಟೊ ಲುವಾಂಗೊನನ್ನು ನಿಲ್ಲಿಸಿ ಚಿನ್ನ ಗೆದ್ದಿತು.

ಇದಕ್ಕೆ ಎದುರಾಗಿ 2014ರ ಸೋಚಿ. ಲಾಟ್ವಿಯಾದ ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್ ಕೆನಡಾದ 57 ಶಾಟ್‌ಗಳಲ್ಲಿ 55 ತಡೆದ. ಉಳಿಸಿದ್ದು 3.1, ಈ ನಾಲ್ಕು ಪಂದ್ಯಗಳಲ್ಲೇ ದೊಡ್ಡದು. ಆದರೂ ಲಾಟ್ವಿಯಾ 2–1ರಿಂದ ಸೋತಿತು. ಕಾರಣ ಆ ಕಡೆ ಕೇರಿ ಪ್ರೈಸ್ 16ಕ್ಕೆ ಒಂದೇ ಬಿಟ್ಟ. ಬಡ ತಂಡದ ಗೋಲ್‌ಕೀಪರ್ ಎಷ್ಟು ಎತ್ತರಕ್ಕೇರಿದರೂ ದೊಡ್ಡ ತಂಡದವನು ತನ್ನ ಪಾಲಿನ ಹದಿನಾರನ್ನು ನೆಟ್ಟಗೆ ನಿಭಾಯಿಸಿದರೆ ಬಾಗಿಲು ಮುಚ್ಚಿದ ಹಾಗೆಯೇ. ಇದೇ ನಿಯಮ ಎಂದು ಹೇಳಲಾರೆ. 2025ರಲ್ಲಿ ಹರ್ನಿಂಗ್‌ನಲ್ಲಿ ಡೆನ್ಮಾರ್ಕ್ 2–1ರಿಂದ ಕೆನಡಾವನ್ನು ಹೊರಹಾಕಿದಾಗ ಕೆನಡಾದ ಬಲೆಗೆ ಬಿದ್ದದ್ದು ಎರಡೇ. ಆ ಗೆಲುವಿನ ದೊಡ್ಡ ಪಾಲು ಡೆನ್ಮಾರ್ಕಿನ ಫ್ರೆಡರಿಕ್ ಡಿಕೊವ್‌ನದ್ದೇ.

ಕಡಿಮೆ ಶಾಟ್ ಎಂದರೆ ಸುಲಭದ ಕೆಲಸ ಎಂದುಕೊಳ್ಳಬಾರದು. ದೊಡ್ಡ ತಂಡ ಎದುರಾಳಿಯ ವಲಯದಲ್ಲೇ ಬೀಡುಬಿಟ್ಟಿರುತ್ತದೆ, ರಕ್ಷಕರೂ ಆ ವಲಯದ ಅಂಚಿನ ನೀಲಿ ಗೆರೆಯ ತನಕ ಏರಿರುತ್ತಾರೆ. ಅಲ್ಲಿ ಪಕ್ ಕೈತಪ್ಪಿದರೆ ಈ ಕಡೆ ಒಬ್ಬ ರಕ್ಷಕನ ಎದುರು ಇಬ್ಬರು, ಕೆಲವೊಮ್ಮೆ ಗೋಲ್‌ಕೀಪರ್ ಒಬ್ಬನೇ. ಐದಾರು ನಿಮಿಷ ಸುಮ್ಮನೆ ನಿಂತವನ ಮೇಲೆ ಒಮ್ಮೆಲೇ ಅತಿ ಅಪಾಯದ ಶಾಟ್. ಅಂಥದಕ್ಕೆ 0.09 ತೀರ ಕಡಿಮೆ. ಆದ್ದರಿಂದ ವಿಡಿಯೋ ಸಿಕ್ಕಲ್ಲೆಲ್ಲ ಪ್ರತಿ ಗೋಲಿನ ಮುಂದೆ ಒಂದು ಗುರುತು ಹಾಕುತ್ತೇನೆ: ಒಂಟಿಯಾಗಿ ನುಗ್ಗಿದ್ದು, ಇಬ್ಬರಿಗೆ ಒಬ್ಬ, ಪುಟಿದು ಬಂದದ್ದು, ದಾರಿಯಲ್ಲಿ ಕೋಲು ತಾಗಿದ್ದು, ಮರೆಯಲ್ಲಿ ಕಾಣದ್ದು, ದೂರದ ನೇರ ಹೊಡೆತ. ಕೊನೆಯ ಬಗೆಯದು ಪೂರ್ತಿ ಗೋಲ್‌ಕೀಪರನ ಖಾತೆಗೆ. ಪುಟಿದು ಬಂದದ್ದರಲ್ಲಿ ಪಕ್ ಅನ್ನು ಎಲ್ಲಿಗೆ ತಳ್ಳಿದ ಎಂದು ನೋಡಿ ಅರ್ಧ. ಉಳಿದವಕ್ಕೆ ಅವನನ್ನು ದೂರುವುದು ಕಡಿಮೆ. ಹೀಗೆ ನೋಡಿದ ಮೇಲೂ ಸಾಲೊ ದೂರಿನಿಂದ ಪಾರಾಗುವುದಿಲ್ಲ. ತ್ರೆತ್ಯಾಕ್‌ನ ಹೊರೆ ಮಾತ್ರ ಸ್ವಲ್ಪ ಇಳಿಯುತ್ತದೆ.

ಇಲ್ಲಿಂದ ಮುಂದಿನದು ಹೆಚ್ಚು ಜನ ತಪ್ಪುವ ಕಡೆ. ಟೂರ್ನಿಯಲ್ಲಿ ಏನಾಯಿತು ಎಂಬ ಲೆಕ್ಕ ಬೇರೆ, ಗೋಲ್‌ಕೀಪರ್ ಎಷ್ಟು ಒಳ್ಳೆಯವನು ಎಂಬ ಲೆಕ್ಕ ಬೇರೆ. ಆರು ಪಂದ್ಯ, ಪಂದ್ಯಕ್ಕೆ 28 ಶಾಟ್, ಒಟ್ಟು 168. ನೂರಕ್ಕೆ 91 ತಡೆಯುವವನು ಸುಮಾರು 15 ಗೋಲ್ ಬಿಡಬೇಕು. ಬೈನಾಮಿಯಲ್ ಲೆಕ್ಕದಲ್ಲಿ (ಪ್ರತಿ ಶಾಟ್‌ಗೂ ಗೋಲ್ ಇಲ್ಲವೇ ತಡೆ ಎಂಬ ಸಂಭವದ ಲೆಕ್ಕ) ಬರೀ ಅದೃಷ್ಟದ ಏರಿಳಿತ 3.7 ಗೋಲ್. ಅಂದರೆ ಅದೇ ಮನುಷ್ಯ, ಅದೇ ಆಟ, ನಾಲ್ಕು ಟೂರ್ನಿಗೆ ಮೂರರಲ್ಲಿ 11ರಿಂದ 19ರ ಒಳಗೆ ಎಲ್ಲಾದರೂ ಬಿದ್ದಾನು, ಉಳಿದೊಂದರಲ್ಲಿ ಅದರಾಚೆ. ಇದಕ್ಕೆ ಹೋಲಿಸಿದರೆ 92ರವನಿಗೂ 91ರವನಿಗೂ ಇರುವ ನಿಜವಾದ ಅಂತರ ಅಷ್ಟೇ ಶಾಟ್‌ಗಳಲ್ಲಿ 1.7 ಗೋಲ್. ಅಡಿಕೆ ವ್ಯಾಪಾರಿ ಚಾಲಿಯ ಚೀಲಕ್ಕೆ ಒಮ್ಮೆ ಕೈಹಾಕಿ ಒಂದು ಹಿಡಿ ತೆಗೆದರೆ ಅದರಲ್ಲಿ ಕೋಕಾ (ಕೆಟ್ಟ ಅಡಿಕೆ) ಎಷ್ಟು ಬಂತು ಎಂಬುದರ ಮೇಲೆ ಇಡೀ ಲಾಟಿನ ದರ ಕಟ್ಟಲಾಗದು. ಟೂರ್ನಿಯ ಅಂಕಿ ಆ ಒಂದು ಹಿಡಿ.

ಹಾಗಾಗಿ ಮುಂದಿನ ಟೂರ್ನಿಗೆ ಅಂದಾಜು ಮಾಡುವಾಗ ಕಡಿಮೆ ಶಾಟ್‌ನ ಅಂಕಿ ಸಾಧಾರಣದ ಕಡೆಗೆ ಬರಲಿ ಎಂದು ಪ್ರತಿ ಗೋಲ್‌ಕೀಪರನ ದಾಖಲೆಗೆ 1500 ಸಾಧಾರಣ ಶಾಟ್ ಬೆರೆಸುತ್ತೇನೆ: ತಡೆದ ಸಂಖ್ಯೆಗೆ 1365, ಶಾಟ್ ಸಂಖ್ಯೆಗೆ 1500 ಕೂಡಿಸಿ ಭಾಗಿಸುವುದು. ಗೋಲ್‌ಕೀಪರರ ನಡುವಣ ನಿಜವಾದ ಸಾಮರ್ಥ್ಯದ ಹರವು ಮುಕ್ಕಾಲು ಪರ್ಸೆಂಟಿನಷ್ಟು ಎಂದು ಹಿಡಿದರೆ ಈ 1500 ಬರುತ್ತದೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚೆಕ್ ತಂಡದ ಡೊಮಿನಿಕ್ ಹಾಶೆಕ್ ಆರು ಪಂದ್ಯಕ್ಕೆ ಆರೇ ಗೋಲ್ ಬಿಟ್ಟ, ತಡೆದದ್ದು ಶೇ. 96.1. ಫೈನಲ್‌ನಲ್ಲಿ ರಷ್ಯಾ ಎದುರು 1–0. ಆ ಆರು ಪಂದ್ಯ ಮಾತ್ರ ಹಿಡಿದು ಬೆರೆಸಿದರೆ ಅಂದಾಜು ಬರುವುದು ಬರೀ 91.5. ಅದೇ ಋತುವಿನಲ್ಲಿ ಎನ್‌ಎಚ್‌ಎಲ್‌ನ 72 ಪಂದ್ಯಗಳಲ್ಲಿ ಅವನು ತಡೆದದ್ದು ಶೇ. 93.2, ಎದುರಿಸಿದ ಶಾಟ್ ಎರಡು ಸಾವಿರಕ್ಕೂ ಮೇಲೆ. ಅದನ್ನು ಬೆರೆಸಿದರೆ 92.3. ಎರಡನ್ನೂ ಕೂಡಿಸಿದರೆ 92.4. ಹಾಶೆಕ್ ದೊಡ್ಡವನು ಎಂದು ಹೇಳುವುದು ಆ ಋತು. ನಾಗಾನೊದ ಚಿನ್ನ ಆ ದೊಡ್ಡತನದ ಮೇಲೆ ಒಳ್ಳೆಯ ವಾರವೂ ಸೇರಿದ್ದರಿಂದ ಬಂತು. ಇದು ಅವನನ್ನು ಕಿರಿದು ಮಾಡುವ ಮಾತಲ್ಲ, ಆ ತಂಡದ ಆಯ್ಕೆ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಆಧಾರ.

ಒಂದೇ ಪಂದ್ಯಕ್ಕೆ ಇಳಿಸಿದರೆ ಗೋಲ್‌ಕೀಪರನ ತೂಕ ಕಣ್ಣಿಗೆ ಹೊಡೆಯುತ್ತದೆ. 28 ಶಾಟ್‌ನಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಗೋಲ್ ಬಿಡುವ ಸಂಭವ 90ರವನಿಗೆ ಶೇ. 46, 91ರವನಿಗೆ 53, 93ರ ಮಟ್ಟದಲ್ಲಿ ಆಡುವವನಿಗೆ 69. ಒಂದೇ ಗೋಲಿನಲ್ಲಿ ತೀರ್ಮಾನವಾಗುವ ನಾಕೌಟ್ ಪಂದ್ಯಗಳಲ್ಲಿ ಇಷ್ಟು ಅಂತರವನ್ನು ಒಬ್ಬನೇ ತರುವ ಇನ್ನೊಂದು ಸ್ಥಾನ ಈ ಆಟದಲ್ಲಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂಡದ ಪಾಲನ್ನೂ ಬೇರ್ಪಡಿಸಬೇಕು. ಸೋಚಿಯಲ್ಲಿ ಪ್ರೈಸ್ ಐದು ಪಂದ್ಯಕ್ಕೆ ಮೂರೇ ಗೋಲ್ ಬಿಟ್ಟ, ಶೇ. 97.2. ಸೆಮಿಫೈನಲ್ 1–0, ಫೈನಲ್ 3–0. ಆದರೆ ಕೆನಡಾ ಅವನ ಮೇಲೆ ಬಿಟ್ಟದ್ದು ಪಂದ್ಯಕ್ಕೆ 21ರಷ್ಟು ಶಾಟ್. ಪಂದ್ಯಕ್ಕೆ ಏಳು ಶಾಟ್ ಕಡಿಮೆಯಾದರೆ ಸಾಧಾರಣ ಗೋಲ್‌ಕೀಪರನಿಗೂ 0.6 ಗೋಲ್ ಉಳಿಯುತ್ತದೆ. ಅದು ಮುಂದೆ ಆಡಿದವರ ಖಾತೆ.

ಮೇ ತಿಂಗಳ ಟೂರ್ನಿಗೆ ಇನ್ನೊಂದು ಕಟ್ಟಳೆ. ಎನ್‌ಎಚ್‌ಎಲ್ ಪ್ಲೇಆಫ್ ಅದೇ ಹೊತ್ತಿಗೆ ನಡೆಯುವುದರಿಂದ ಅನೇಕ ಮೊದಲ ದರ್ಜೆಯ ಗೋಲ್‌ಕೀಪರರು ಬರುವುದೇ ಇಲ್ಲ. ದೊಡ್ಡ ತಂಡ, ಸಣ್ಣ ತಂಡದ ನಡುವೆ ಈ ಸ್ಥಾನದಲ್ಲಿ ಅಂತರ ಕಿರಿದಾಗುತ್ತದೆ, ಒಮ್ಮೊಮ್ಮೆ ತಿರುಗಿಯೂ ಬೀಳುತ್ತದೆ. 2023ರಲ್ಲಿ ಆರ್ಟುರ್ಸ್ ಶಿಲೊವ್ಸ್ ಟೂರ್ನಿಯ ಶ್ರೇಷ್ಠ ಆಟಗಾರನಾಗಿ, ಲಾಟ್ವಿಯಾ ಅಮೆರಿಕವನ್ನು 4–3ರಿಂದ ಸೋಲಿಸಿ ಕಂಚು ಪಡೆದದ್ದು ಅಂಥ ವರ್ಷ. ತಂಡಗಳ ಪಟ್ಟಿ ಹೊರಬಿದ್ದ ಕೂಡಲೇ ನಾನು ಮೊದಲು ನೋಡುವುದು ಮೂವರು ಗೋಲ್‌ಕೀಪರರ ಹೆಸರು, ಅವರ ಹಿಂದಿನ ಎರಡು ಮೂರು ಋತುವಿನ ಶಾಟ್ ಸಂಖ್ಯೆ. ಅಭ್ಯಾಸ ಪಂದ್ಯದ ಅಂಕಿ ಹಾಳೆಗೆ ಬರುವುದಿಲ್ಲ.

ಶೂಟ್‌ಔಟ್‌ಗೆ ಮಾತ್ರ ಬೇರೆ ಹಾಳೆ. ಸಾಮಾನ್ಯವಾಗಿ ಮೂರು ಪ್ರಯತ್ನಕ್ಕೆ ಒಂದು ಗೋಲ್. ಹಾಗಿದ್ದರೆ ಐವರನ್ನೂ ತಡೆಯುವ ಸಂಭವ ಶೇ. 13ರ ಆಸುಪಾಸು. ನಾಗಾನೊ ಸೆಮಿಫೈನಲ್‌ನಲ್ಲಿ ಕೆನಡಾದ ಐವರನ್ನು ಹಾಶೆಕ್ ತಡೆದದ್ದು ಈ 13ರ ಒಳಗಿನದು. ಅದನ್ನು ಮುಂದಿನ ಟೂರ್ನಿಯ ಅಂದಾಜಿಗೆ ಒಯ್ಯುವುದಿಲ್ಲ.