ಚಳಿಗಾಲದಲ್ಲಿ ತಂಡ ಕಟ್ಟುವ ಲೆಕ್ಕ: ರೆಡ್ ಸಾಕ್ಸ್ ಹಾಳೆಯಿಂದ

ಹಿಂದಿನ ವರ್ಷ ತಂಡ ಗಳಿಸಿದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು? ಬೇಸ್‌ಬಾಲ್ ತಂಡವೊಂದರ ಚಳಿಗಾಲದ ಖರೀದಿಯನ್ನು ಅಳೆಯಲು ಕೂತಾಗ ನನ್ನ ಹಾಳೆಯ ಮೊದಲ ಸಾಲು ಇದೇ. ಬಾಸ್ಟನ್ ರೆಡ್ ಸಾಕ್ಸ್ 2012ರಲ್ಲಿ ಗಳಿಸಿದ್ದು 734, ಬಿಟ್ಟುಕೊಟ್ಟದ್ದು 806. ಎರಡನ್ನೂ ವರ್ಗ ಮಾಡಿ, ಗಳಿಸಿದ ರನ್ನಿನ ವರ್ಗವನ್ನು ಎರಡು ವರ್ಗಗಳ ಮೊತ್ತದಿಂದ ಭಾಗಿಸಿ, 162 ಪಂದ್ಯಗಳಿಂದ ಗುಣಿಸಿದರೆ ಸುಮಾರು 73 ಗೆಲುವು ಬರುತ್ತದೆ. ನಿಜಕ್ಕೂ ಗೆದ್ದದ್ದು 69. ಗುಂಪಿನ ಕೊನೆಯ ಸ್ಥಾನಕ್ಕೆ ಬಿದ್ದಿದ್ದರೂ ತಂಡ ಕಂಡಷ್ಟು ಕೆಟ್ಟದಾಗಿರಲಿಲ್ಲ. ಪ್ಲೇಆಫ್ ಆಸೆಗೆ 90 ಗೆಲುವು ಬೇಕು. ಹತ್ತು ರನ್ನಿಗೆ ಒಂದು ಗೆಲುವು ಎಂದು ಹಿಡಿದರೆ 170 ರನ್ನಿನ ಕೆಲಸ ಬಾಕಿ.

ಎರಡನೆಯ ಸಾಲು ಹಣ. 2013ಕ್ಕೆ ಐಷಾರಾಮಿ ತೆರಿಗೆಯ ಗೆರೆ, ಅಂದರೆ ಆಟಗಾರರ ಸಂಬಳದ ಮೊತ್ತ ದಾಟಿದರೆ ತಂಡ ತೆರಿಗೆ ಕಟ್ಟಬೇಕಾದ ಮಿತಿ, 17.8 ಕೋಟಿ ಡಾಲರ್. ಲೆಕ್ಕ ಹಾಕುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಆ ವರ್ಷ ಆಟಗಾರನ ಕೈಗೆ ಸಿಗುವ ಸಂಬಳವನ್ನು ಕೂಡಿದರೆ ಮೊತ್ತ ತಪ್ಪುತ್ತದೆ. ಒಪ್ಪಂದದ ಪೂರ್ತಿ ಹಣವನ್ನು ವರ್ಷಗಳಿಂದ ಭಾಗಿಸಿದ ಸರಾಸರಿಯನ್ನು ಕೂಡಬೇಕು, ಅದೂ 40 ಜನರ ಪಟ್ಟಿಗೆ. 2012ರ ಆಗಸ್ಟ್‌ನಲ್ಲೇ ಏಡ್ರಿಯನ್ ಗೊನ್ಸಾಲೆಸ್, ಕಾರ್ಲ್ ಕ್ರಾಫರ್ಡ್, ಜಾಶ್ ಬೆಕೆಟ್, ನಿಕ್ ಪುಂಟೊ ಅವರನ್ನು ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ದಾಟಿಸಿ, ಬಾಸ್ಟನ್ 25 ಕೋಟಿ ಡಾಲರ್‌ಗೂ ಮಿಕ್ಕಿದ ಹೊರೆ ಇಳಿಸಿಕೊಂಡಿತ್ತು. ಚಳಿಗಾಲದ ಇಡೀ ಕೆಲಸಕ್ಕೆ ಜಾಗ ಸಿಕ್ಕಿದ್ದು ಆ ಒಂದು ಟ್ರೇಡ್‌ನಿಂದ.

ಆಮೇಲೆ ಸ್ಥಾನಗಳು. ಪ್ರತಿ ಸ್ಥಾನಕ್ಕೆ ಒಂದು ಸಾಲು: ಮೊದಲ ಆಟಗಾರ, ಅವನಿಗೆ ಪೆಟ್ಟಾದರೆ ಬರುವವನು, ಕೆಳಗಿನ ಲೀಗ್‌ನಲ್ಲಿ ಬೆಳೆಯುತ್ತಿರುವವನು, ಕೊನೆಗೆ ಒಪ್ಪಂದದ ವರ್ಷ. ಈ ಕೊನೆಯ ಕಾಲಮ್ಮನ್ನು ನಾನು ಹೆಸರಿಗಿಂತ ಮೊದಲು ಓದುತ್ತೇನೆ. ಜನರಲ್ ಮ್ಯಾನೇಜರ್ ಬೆನ್ ಚೆರಿಂಗ್ಟನ್ ಆ ಚಳಿಗಾಲದಲ್ಲಿ ಹೊರಗಿನಿಂದ ತಂದ ಫ್ರೀ ಏಜೆಂಟ್‌ಗಳಲ್ಲಿ (ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಹುದಾದವರಲ್ಲಿ) ಶೇನ್ ವಿಕ್ಟೊರಿನೊ ಅವರದ್ದೇ ಅತಿ ಉದ್ದದ ಒಪ್ಪಂದ: 3 ವರ್ಷ, 3.9 ಕೋಟಿ. ರಯಾನ್ ಡೆಂಪ್‌ಸ್ಟರ್ 2 ವರ್ಷಕ್ಕೆ 2.65 ಕೋಟಿ, ಜಾನಿ ಗೋಮ್ಸ್ 2 ವರ್ಷಕ್ಕೆ 1 ಕೋಟಿ, ಕ್ಯಾಚರ್ ಡೇವಿಡ್ ರಾಸ್ 2 ವರ್ಷಕ್ಕೆ 62 ಲಕ್ಷ. ಒಂದೊಂದೇ ವರ್ಷಕ್ಕೆ ಸ್ಟೀಫನ್ ಡ್ರೂ 95 ಲಕ್ಷ, ಕೋಜಿ ಉಯೆಹರಾ 42.5 ಲಕ್ಷ. ಮೈಕ್ ನಪೊಲಿ ಸೇರಿ ಏಳು ಜನರ ಖಾತರಿ ಹಣ ಸುಮಾರು 10 ಕೋಟಿ. ಕ್ರಾಫರ್ಡ್ ಒಬ್ಬರ ಹಳೆಯ ಒಪ್ಪಂದವೇ 14.2 ಕೋಟಿಯದ್ದು! ಈ ಹೋಲಿಕೆ ನನಗೆ ಇಂದಿಗೂ ಖುಷಿ ಕೊಡುತ್ತದೆ.

ಒಬ್ಬೊಬ್ಬರ ಎದುರೂ ಕಾರಣ ಬರೆಯಬೇಕು. ತಂಡದ ಮೈದಾನ ಫೆನ್‌ವೇ ಪಾರ್ಕಿನ ರೈಟ್ ಫೀಲ್ಡ್ (ಬಲಭಾಗದ ಹೊರಮೈದಾನ) ವಿಶಾಲ, ಅಲ್ಲಿ ಸೆಂಟರ್ ಫೀಲ್ಡರ್‌ನ (ನಡುವಿನ ಹೊರಮೈದಾನ ಕಾಯುವವನ) ಓಟ ಬೇಕು. ವಿಕ್ಟೊರಿನೊ ಬಂದದ್ದು ಅದಕ್ಕೆ. ಗೋಮ್ಸ್ ಅರ್ಧ ಸ್ಥಾನದ ಖರೀದಿ: ಎಡಗೈ ಪಿಚರ್‌ಗಳ (ಚೆಂಡು ಎಸೆಯುವವರ) ಎದುರು ಅವರು, ಬಲಗೈಯವರ ಎದುರು ಡೇನಿಯಲ್ ನಾವಾ. ಇಬ್ಬರ ಅಂಕಿಯನ್ನೂ ಪೂರ್ತಿ ವರ್ಷಕ್ಕೆ ಹಿಗ್ಗಿಸಿ ಕೂಡಿದರೆ ಒಂದೇ ಸ್ಥಾನವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಡ್ರೂಗೆ ಒಂದೇ ವರ್ಷ ಏಕೆ? ಕೆಳಗೆ ಅದೇ ಸ್ಥಾನದ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಕ್ಸಾಂಡರ್ ಬೋಗಾರ್ಟ್ಸ್ ಬೆಳೆಯುತ್ತಿದ್ದರು, ಅವರ ದಾರಿಗೆ ಅಡ್ಡ ಬರಬಾರದು.

ಸುದ್ದಿ ಬಂದ ಕೂಡಲೇ ಮೊತ್ತವನ್ನು ಹಾಳೆಗೆ ಇಳಿಸುವುದು ಇನ್ನೊಂದು ತಪ್ಪು. ನಪೊಲಿ ಜೊತೆ ಮಾತಾದದ್ದು 3 ವರ್ಷ, 3.9 ಕೋಟಿಗೆ. ವೈದ್ಯಕೀಯ ಪರೀಕ್ಷೆಯಲ್ಲಿ ಸೊಂಟದ ಕೀಲಿನ ಮೂಳೆಗೆ ರಕ್ತ ಸರಿಯಾಗಿ ಹೋಗದ ತೊಂದರೆ ಕಂಡಿತು. ಸಹಿ ಬಿದ್ದದ್ದು 1 ವರ್ಷ, 50 ಲಕ್ಷಕ್ಕೆ. ಆಡಿದಷ್ಟೂ ಏರಿ 1.3 ಕೋಟಿ ಮುಟ್ಟಬಹುದಾದ ಶರತ್ತಿನ ಮೇಲೆ. ಪರೀಕ್ಷೆ ಮುಗಿಯುವವರೆಗೆ ಪೆನ್ಸಿಲ್ ಬಣ್ಣದಲ್ಲೇ ಇಡಿ. ಶರತ್ತಿನ ಹಣಕ್ಕೆ ಬೇರೆ ಕಾಲಮ್ ಬೇಕು.

ಕೊನೆಯ ಇನಿಂಗ್ಸ್ ಮುಗಿಸುವ ಪಿಚರ್, ಅಂದರೆ ಕ್ಲೋಸರ್ ವಿಷಯದಲ್ಲಿ ಯಾವ ಹಾಳೆಯೂ ನಂಬಿಕೆಗೆ ಅರ್ಹವಲ್ಲ. ಆ ಕೆಲಸಕ್ಕೆಂದು ಟ್ರೇಡ್‌ನಲ್ಲಿ ತಂದ ಜೋಯಲ್ ಹ್ಯಾನ್ರಹನ್ ಮೇ ತಿಂಗಳಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಆಂಡ್ರೂ ಬೇಲಿ ಕೂಡ ಗಾಯಗೊಂಡರು. ಹೊಣೆ ಕೊನೆಗೆ ಬಂದದ್ದು 38 ವರ್ಷದ ಉಯೆಹರಾ ಮೇಲೆ: 101 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಬರೀ 9 ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಕೊಟ್ಟ ರನ್, ಕಡಿಮೆಯಾದಷ್ಟೂ ಒಳ್ಳೆಯದು) 1.09. ಹಾಗಾಗಿ ಒಬ್ಬ ದುಬಾರಿ ಕ್ಲೋಸರ್‌ಗಿಂತ ಅಗ್ಗದ ಮೂವರು ಲೇಸೆಂದು ನಾನು ಅಂಕ ಕೊಡುತ್ತೇನೆ.

2013ರಲ್ಲಿ ಗಳಿಸಿದ್ದು 853, ಕೊಟ್ಟದ್ದು 656. ತಂಡ 97 ಪಂದ್ಯ ಗೆದ್ದು, ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅನ್ನು 4-2ರಿಂದ ಸೋಲಿಸಿತು. ಗಳಿಕೆ 119 ಏರಿದರೆ, ಕೊಟ್ಟ ರನ್ 150 ಇಳಿದಿದೆ. ಆ 150ರಲ್ಲಿ ದೊಡ್ಡ ಪಾಲು ಮೊದಲೇ ತಂಡದಲ್ಲಿದ್ದವರದ್ದು: ಜಾನ್ ಲೆಸ್ಟರ್ ಇಆರ್‌ಎ 4.82ರಿಂದ 3.75ಕ್ಕೆ, ಕ್ಲೇ ಬಕ್‌ಹೋಲ್ಜ್ 4.56ರಿಂದ 1.74ಕ್ಕೆ, ಹಿಂದಿನ ವರ್ಷ ಪೂರ್ತಿ ಕೂತಿದ್ದ ಜಾನ್ ಲ್ಯಾಕಿ 3.52. ಚೇತರಿಕೆಗೆಂದೇ ಒಂದು ಕಾಲಮ್ ಇಡದಿದ್ದರೆ ಗೆಲುವೆಲ್ಲ ಖರೀದಿಯ ಖಾತೆಗೆ ಹೋಗಿಬಿಡುತ್ತದೆ.

ಅದೇ ಕಾಲಮ್ ಮರುವರ್ಷ ತಿರುಗಿತು. ಜಾಕೊಬಿ ಎಲ್ಸ್‌ಬರಿ ಯಾಂಕೀಸ್ ಸೇರಿದರು, ಡೆಂಪ್‌ಸ್ಟರ್ ಆಡಲಿಲ್ಲ, ವಿಕ್ಟೊರಿನೊ ಆಡಿದ್ದು 30 ಪಂದ್ಯ, ಎಲ್ಸ್‌ಬರಿ ಜಾಗಕ್ಕೆ ಬಂದ ಜಾಕಿ ಬ್ರಾಡ್ಲಿ ಜೂನಿಯರ್ ಬ್ಯಾಟಿಂಗ್ ಸರಾಸರಿ .198, ಅಂದರೆ ಹತ್ತು ಯತ್ನಕ್ಕೆ ಎರಡು ಹಿಟ್ ಕೂಡ ಇಲ್ಲ. 2014ರಲ್ಲಿ ಬಂದದ್ದು 71 ಗೆಲುವು, ಮತ್ತೆ ಕೊನೆಯ ಸ್ಥಾನ.