ಪಾಠ ಪುಸ್ತಕದ ಪ್ರಕಾರ, ಪ್ರಯೋಗ ಮಳೆಯ ಪ್ರಕಾರ

“ಮೇಡಂ, ನೀಲಿ ಆಯ್ತು ಅಂತ ಬರೀಲಾ, ಆಗ್ಲಿಲ್ಲ ಅಂತ ಬರೀಲಾ?”

ಹತ್ತನೇ ಕ್ಲಾಸಿನ ಹುಡುಗ ಹೀಗೆ ಕೇಳಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಹೆಂಚಿನ ಮೇಲೆ ಧೋ ಅಂತ ಮಳೆ. ತಟ್ಟೆಯಲ್ಲಿ ಕ್ರೋಟನ್ ಎಲೆ, ಅದರ ಮೇಲೆ ನಾಲ್ಕು ಹನಿ ಅಯೋಡಿನ್. ಎಲೆ ಬಿಸಿಲಲ್ಲಿ ಪಿಷ್ಟ ಮಾಡಿಕೊಂಡಿದ್ದರೆ ಅದರ ಹಸಿರಿದ್ದ ಭಾಗ ನೀಲಿ-ಕಪ್ಪಾಗಬೇಕಿತ್ತು. ಅಯೋಡಿನ್ನಿನದೇ ಕಂದು ಬಣ್ಣ ಬಿಟ್ಟರೆ ಅಲ್ಲೇನೂ ಇರಲಿಲ್ಲ. ಪಕ್ಕದ ಬೆಂಚಿನವರು ಅಷ್ಟರಲ್ಲಿ ಗೈಡ್ ನೋಡಿ ‘ನೀಲಿ-ಕಪ್ಪು ಬಣ್ಣಕ್ಕೆ ತಿರುಗಿತು’ ಅಂತ ಬರೆದು, ಚಿತ್ರಕ್ಕೆ ಬಣ್ಣವನ್ನೂ ತುಂಬಿದ್ದರು.

ತಪ್ಪು ಎಲೆಯದ್ದಲ್ಲ, ನನ್ನದು. ಗಿಡವನ್ನು 3 ದಿನ ಕತ್ತಲಲ್ಲಿಟ್ಟು, ಆಮೇಲೆ ಸುಮಾರು 6 ಗಂಟೆ ಬಿಸಿಲಲ್ಲಿಡಿ ಅನ್ನುತ್ತದೆ ಪುಸ್ತಕ. ಕತ್ತಲು ಸುಲಭ. ಆದರೆ ತೀರ್ಥಹಳ್ಳಿ ಕಡೆ ಜುಲೈನಲ್ಲಿ 6 ಗಂಟೆ ಬಿಸಿಲನ್ನು ಎಲ್ಲಿಂದ ತರೋದು? ಕುಂಡವನ್ನು ಜಗಲಿಯಲ್ಲಿಟ್ಟು ‘ಬೆಳಕಿದೆಯಲ್ಲ, ಸಾಕು’ ಅಂದುಕೊಂಡಿದ್ದೆ.

ನಾನು ಸರ್ಕಾರಿ ಹೈಸ್ಕೂಲಿನ ಸಿಬಿಜೆಡ್ ಟೀಚರ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವಳು. ಗಣಿತ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರದ್ದು. ಎಂಟು, ಒಂಬತ್ತು, ಹತ್ತರ ವಿಜ್ಞಾನ ಪೂರ್ತಿ ನನ್ನ ಪಾಲು. ಪ್ರತಿ ಜೂನ್‌ನಲ್ಲಿ ವಾರ್ಷಿಕ ಪಾಠ ಹಂಚಿಕೆ ಬರೆದು ಹೆಡ್ ಮಾಸ್ಟರ್ ಸಹಿ ಹಾಕಿಸಿಕೊಳ್ಳಬೇಕು. ಮೊದಲೆಲ್ಲ ಪುಸ್ತಕದ ಪರಿವಿಡಿ ನೋಡಿ ಅಧ್ಯಾಯಕ್ಕೆ ಇಷ್ಟು ಪಿರಿಯಡ್ ಅಂತ ಹಂಚಿ ಮುಗಿಸುತ್ತಿದ್ದೆ. ಪ್ರಯೋಗ ಅನ್ನೋದು ಪಾಠದ ಬಾಲ. ಟೈಮ್ ಇದ್ದರೆ ಉಂಟು.

ಆ ಎಲೆಯ ಪ್ರಕರಣ ಆದ ಮೇಲಿನ ಬೇಸಿಗೆ ರಜೆಯಲ್ಲಿ ಮೂರೂ ಪುಸ್ತಕ ಹರಡಿಕೊಂಡು ಕೂತೆ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಪ್ರಯೋಗಗಳನ್ನು ಮಾತ್ರ ಬರೆದೆ. ಯಾವುದಕ್ಕೆ ಬಿಸಿಲು ಬೇಕು, ಯಾವುದಕ್ಕೆ ತೇವ ಬೇಕು, ಯಾವುದು ಯಾವಾಗ ಬೇಕಾದರೂ ಆಗುತ್ತದೆ, ಅಷ್ಟೇ. ಆಮೇಲೆ ಪಾಠಗಳನ್ನೂ ಅದೇ ಕ್ರಮಕ್ಕೆ ತಿರುಗಿಸಿದೆ. ಹೆಡ್ ಮಾಸ್ಟರ್ ಒಂದೇ ಮಾತಲ್ಲಿ ನಿಲ್ಲಿಸಿದರು: “ಮೇಡಂ, ಎಫ್‌ಎ ಪೇಪರ್ರಿಗೆ ಏನು ಮಾಡ್ತೀರಿ?” ಎಫ್‌ಎ ಅಂದರೆ ವರ್ಷದ ನಡುನಡುವೆ ಬರೋ ರೂಪಣಾತ್ಮಕ ಮೌಲ್ಯಮಾಪನ. ಅವರು ಹೇಳಿದ್ದು ಸರಿ. ಯಾವ ತಿಂಗಳಿಗೆ ಯಾವ ಪಾಠ ಅಂತ ಮೊದಲೇ ನಿಗದಿಯಾಗಿರುತ್ತೆ, ಪರೀಕ್ಷೆ ಅದರ ಮೇಲೆ. ಕೊನೆಗೆ ಪಾಠ ಪುಸ್ತಕದ ಕ್ರಮದಲ್ಲೇ ಉಳಿಸಿ ಪ್ರಯೋಗವನ್ನಷ್ಟೇ ಬಿಡಿಸಿಕೊಂಡೆ. ಜೂನ್‌ನಲ್ಲಿ ಕಲಿಸಿದ್ದರ ಪ್ರಯೋಗ ನವೆಂಬರ್‌ನಲ್ಲಿ ಬಂದರೆ ಮಕ್ಕಳಿಗೆ ಪುನರಾವರ್ತನೆಯೂ ಆಗುತ್ತೆ, ಅಲ್ವಾ?

ಮಳೆಗಾಲಕ್ಕೆ ಬ್ರೆಡ್ ಬೂಷ್ಟು ಹೇಳಿ ಮಾಡಿಸಿದ್ದು. ಒದ್ದೆ ಮಾಡಿ ಕಪಾಟಿನಲ್ಲಿಟ್ಟರೆ ಸಾಕು, ನಮ್ಮೂರಿನ ಗಾಳಿಯೇ ಉಳಿದ ಕೆಲಸ ಮಾಡುತ್ತದೆ. ಓಮನ ನಿಯಮವನ್ನೂ ಜುಲೈಗೇ ತಂದೆ. ಅದು ಮುಂದಿನ ಪಾಠ, ನಿಜ. ಆದರೆ ಅದಕ್ಕೆ ಬೇಕಿರೋದು ನೈಕ್ರೋಮ್ ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್, 1.5 ವೋಲ್ಟಿನ ನಾಲ್ಕು ಸೆಲ್ಲು. ಕರೆಂಟು ಎರಡು ದಿನ ಹೋದರೂ ಪ್ರಯೋಗ ನಿಲ್ಲೋದಿಲ್ಲ.

ತುಕ್ಕಿನ ಪ್ರಯೋಗಕ್ಕೂ ಮಳೆಗಾಲವೇ ಸರಿ ಅಂದುಕೊಂಡು ಬೇಸ್ತು ಬಿದ್ದೆ. ಮೂರು ಪ್ರನಾಳ, ಮೂರರಲ್ಲೂ ಮೊಳೆ. ಒಂದಕ್ಕೆ ನೀರು, ಒಂದಕ್ಕೆ ಕುದಿಸಿದ ನೀರಿನ ಮೇಲೆ ಎಣ್ಣೆ, ಇನ್ನೊಂದಕ್ಕೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ಬಾಟಲಿಯ ಮುಚ್ಚಳ ಸಡಿಲ ಇತ್ತು ಅಂತ ಕಾಣುತ್ತೆ. ತೆಗೆದು ನೋಡಿದರೆ ಒಳಗೆ ಪುಡಿ ಇಲ್ಲ, ಪಾಕ. ಗಾಳಿಯ ತೇವ ಹೀರಿ ಹೀರಿ ತಾನೇ ಕರಗಿ ಕೂತಿತ್ತು. ಈಗ ಅದು ಜನವರಿಗೆ.

ದೊಡ್ಡ ತಲೆನೋವು 40 ನಿಮಿಷದ ಪಿರಿಯಡ್. ಸಾಮಾನು ಹಂಚೋಕೆ ಹತ್ತು, ತೊಳೆಯೋಕೆ ಹತ್ತು, ಮಧ್ಯೆ ಏನು ಉಳೀತು? ಪಿಸಿಎಂ ಮೇಷ್ಟ್ರ ಹತ್ತಿರ ಒಪ್ಪಂದ ಮಾಡಿಕೊಂಡೆ. ಗುರುವಾರ ಮಧ್ಯಾಹ್ನದ ಅವರ ಪಿರಿಯಡ್ ನನಗೆ, ಶನಿವಾರದ ನನ್ನ ಪಿರಿಯಡ್ ಅವರಿಗೆ. 46 ಮಕ್ಕಳಲ್ಲಿ 23 ಜನ ಪ್ರಯೋಗಕ್ಕೆ, ಉಳಿದವರು ಪಕ್ಕದ ಕೋಣೆಯಲ್ಲಿ ಚಿತ್ರ ಬರೆಯೋಕೆ. ಜಿಂಕ್ ಚೂರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ ಹೈಡ್ರೋಜನ್ ಪರೀಕ್ಷಿಸುವ ಚಿತ್ರ ಎಸ್‌ಎಸ್‌ಎಲ್‌ಸಿ 80 ಅಂಕದ ಪೇಪರಿಗೆ ಹೇಗೂ ಬೇಕು. ಮುಂದಿನ ಗುರುವಾರ ಅದಲು ಬದಲು. ಲೆಡ್ ನೈಟ್ರೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಬರೋ ಹಳದಿ ಎಲ್ಲರಿಗೂ ಇಷ್ಟ, ಆದರೆ ಸೀಸ ವಿಷ. ನಮ್ಮ ಸಿಂಕಿನ ಪೈಪು ತರಕಾರಿ ತೋಟಕ್ಕೆ ಹೋಗುತ್ತೆ. ಅದಕ್ಕೆಂದೇ ಮುಚ್ಚಳದ ಒಂದು ಬಾಟಲಿ ಇಟ್ಟಿದ್ದೇನೆ.

ರೆಕಾರ್ಡ್ ಪುಸ್ತಕದಲ್ಲಿ ‘ಆಗಲಿಲ್ಲ, ಯಾಕೆ?’ ಅಂತ ಒಂದು ಕಾಲಂ ಸೇರಿಸಿದೆ. ಆಂತರಿಕ 20 ಅಂಕಕ್ಕೆ ಚಟುವಟಿಕೆ ನೋಡುವಾಗ ನಾನು ಮೊದಲು ತೆಗೆಯೋದು ಅದನ್ನೇ. ಅಲ್ಲಿ ಏನಾದರೂ ಬರೆದಿದ್ದರೆ ಮಗು ನಿಜವಾಗಲೂ ಮಾಡಿದೆ ಅಂತ ಅರ್ಥ.

ದಸರಾ ರಜೆ ಮುಗಿದು ಆಕಾಶ ತಿಳಿಯಾದ ಮೇಲೆ ಬಿಸಿಲಿನ ಸರದಿ. ಕ್ರೋಟನ್ ಗಿಡ ಅಂಗಳಕ್ಕೆ ಬಂತು. ಎಲೆಯನ್ನು ಸ್ಪಿರಿಟ್ಟಿನಲ್ಲಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಬಿಳಿಚಿಸಿ, ಅಯೋಡಿನ್ ಹಾಕಿದೆವು. ಹಸಿರಿದ್ದಲ್ಲಿ ಮಸಿಯಂಥ ಕಪ್ಪು, ಹಳದಿ ಇದ್ದಲ್ಲಿ ಏನೂ ಇಲ್ಲ. ನಿಮ್ನ ದರ್ಪಣ ಹಿಡಿದು ಕಾಗದ ಸುಟ್ಟಿದ್ದೂ ಅದೇ ವಾರ.

ಪುಸ್ತಕದಲ್ಲಿ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದು ಆಗುವ ಪ್ರಯೋಗವೂ ಇದೆ. ಕೊಳ್ಳೋಕೆ ದುಬಾರಿ. ಸ್ವಲ್ಪ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪುನೀರು ಹಾಕಿ ನಾನೇ ಮಾಡಿಕೊಂಡೆ. ಬಿಳೀ ಮೊಸರಿನಂಥದ್ದು ಬಿಸಿಲಲ್ಲಿ ನೋಡ್ತಾ ನೋಡ್ತಾ ಬೂದಿ ಬಣ್ಣಕ್ಕೆ ತಿರುಗಿತು. ನಾನು ಅತ್ತ ತಿರುಗಿದಾಗ ಹುಡುಗಿಯೊಬ್ಬಳು ಸಿಲ್ವರ್ ನೈಟ್ರೇಟ್ ಬಾಟಲಿಯ ಬಾಯಿ ಮುಟ್ಟಿಬಿಟ್ಟಿದ್ದಳು. ತಕ್ಷಣ ತೊಳೆಸಿದೆ. ಆದರೂ ಮರುದಿನ ಬೆರಳಿನ ತುದಿಯಲ್ಲಿ ಕಪ್ಪು ಕಲೆ.

“ಮೇಡಂ, ವೋಟು ಯಾವಾಗ ಹಾಕಿದೆ ಅಂತ ಅಮ್ಮ ಕೇಳಿದ್ರು,” ಅಂದಳು.

ಆ ದಿನದ ಪಾಠ ಅಲ್ಲಿಂದಲೇ ಶುರುವಾಯಿತು. ಚುನಾವಣೆಯ ಶಾಯಿಯಲ್ಲೂ ಸಿಲ್ವರ್ ನೈಟ್ರೇಟೇ ಇರೋದು, ಅದು ತಯಾರಾಗೋದು ನಮ್ಮ ಮೈಸೂರಿನಲ್ಲೇ.