ಟ್ರಯಂಫ್ ಜಿಟಿ6: ಕೊಂಡಿದ್ದು, ಸಾಕಿದ್ದು, ಮಾರಿದ್ದು

ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಿರುತ್ತಿತ್ತು. ಅದರ ಬಾನೆಟ್ ಬೇರೆ ಕಾರುಗಳ ಹಾಗಲ್ಲ. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ರಿಪೇರಿಗೆ ಬರುತ್ತಿದ್ದ ಮೇಸ್ತ್ರಿ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು ಎಂಜಿನ್ ಕೆಲಸ ಮಾಡುತ್ತಿದ್ದರು. ನಾನು ಸ್ಪ್ಯಾನರ್ ಕೊಡುವ ಹುಡುಗ.

ಮುಂದೆ ಕೆಲಸಕ್ಕೆ ಅಂತ ಇಂಗ್ಲೆಂಡಿನ ಕವೆಂಟ್ರಿಗೆ ಬಂದೆ. ಹೆರಾಲ್ಡ್‌ನ ತವರು ಇದೇ ಊರು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಟ್ರಯಂಫ್ ಕಾರ್ಖಾನೆ ಇದ್ದದ್ದು ಇಲ್ಲಿನ ಕ್ಯಾನ್ಲಿಯಲ್ಲಿ. 1980ರಲ್ಲಿ ಅಲ್ಲಿ ಕಾರು ಮಾಡುವುದು ನಿಂತಿತು. ಈಗ ಅಲ್ಲಿ ಬಿಸಿನೆಸ್ ಪಾರ್ಕ್ ಇದೆ. ಒಂದು ರಸ್ತೆಗೆ ಮಾತ್ರ ಹೆರಾಲ್ಡ್ ಅವೆನ್ಯೂ ಅಂತ ಹೆಸರಿದೆ. 1961ರಿಂದ ನಮ್ಮ ಮದ್ರಾಸಿನಲ್ಲಿ ಕಟ್ಟುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಟ್ರಯಂಫ್ ಹೆರಾಲ್ಡೇ.

ಒಂದು ಭಾನುವಾರ ಹಳೇ ಕಾರುಗಳ ಮೇಳಕ್ಕೆ ಹೋಗಿದ್ದೆ. ಒಂದು ಪುಟ್ಟ, ಕುಳ್ಳಗಿನ ಸ್ಪೋರ್ಟ್ಸ್ ಕಾರು ಬಾನೆಟ್ ಮಗುಚಿಕೊಂಡು ನಿಂತಿತ್ತು. ಥೇಟ್ ದೊಡ್ಡಪ್ಪನ ಗಾಡಿಯ ಹಾಗೆ. ಅದು ಜಿಟಿ6. ಹೆರಾಲ್ಡ್‌ನ ಚಾಸಿಯನ್ನು ಬದಲಾಯಿಸಿ, ಗಿಡ್ಡ ಮಾಡಿ ಸ್ಪಿಟ್‌ಫೈರ್ ಅನ್ನುವ ತೆರೆದ ಸ್ಪೋರ್ಟ್ಸ್ ಕಾರು ಮಾಡಿದ್ದರು. ಅದಕ್ಕೆ ಇಳಿಜಾರು ಮಾಡು ಹೊದಿಸಿ, ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂರಿಸಿ 1966ರಲ್ಲಿ ಜಿಟಿ6 ತಂದರು. 1973ರವರೆಗೆ ಬಂತು. ಮೂರಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅವತ್ತೇ ಮನಸ್ಸಿನಲ್ಲಿ ತೀರ್ಮಾನವಾಗಿಹೋಯಿತು.

ಕೊಳ್ಳುವ ಮುಂಚೆ ನನಗೂ ಎಲ್ಲರ ಹಾಗೆ ಒಂದು ನಂಬಿಕೆ ಇತ್ತು. ಕಾರು ಎಷ್ಟು ಅಪರೂಪವೋ ರೀಸೇಲ್ ಬೆಲೆ ಅಷ್ಟು ಜಾಸ್ತಿ ಅಂತ. ಲೆಕ್ಕ ನೋಡಿದರೆ ಹಾಗಿಲ್ಲ. ಜಿಟಿ6 ತಯಾರಾಗಿದ್ದು ಒಟ್ಟು 40,926. ಜಾಗ್ವಾರ್ ಇ-ಟೈಪ್ ತಯಾರಾಗಿದ್ದು 72,000ಕ್ಕೂ ಹೆಚ್ಚು. ಆದರೂ ಇ-ಟೈಪ್ ಬೆಲೆ ಹಲವು ಪಟ್ಟು. ಇನ್ನೊಂದು ಕಡೆ, ವೇಲ್ಸ್‌ನಲ್ಲಿ ಗಿಲ್ಬರ್ನ್ ಅಂತ ಒಂದು ಸಣ್ಣ ಕಂಪನಿ ಇತ್ತು. 1959ರಿಂದ 1973ರವರೆಗೆ ಅವರು ಮಾಡಿದ ಕಾರುಗಳು ಹೆಚ್ಚುಕಡಿಮೆ ಸಾವಿರ. ಅಂಥದ್ದೊಂದನ್ನು ನೋಡಿಬಂದೆ. ಚೆಂದದ ಗಾಡಿ. ಮಾಲೀಕರು ಕೇಳಿದ ಬೆಲೆ ಒಂದು ಒಳ್ಳೆಯ ಜಿಟಿ6ಗಿಂತ ಕಡಿಮೆಯೇ ಇತ್ತು. ಯಾಕೆ ಅಂತ ಕೇಳಿದೆ. ಒಂದು ಕಿಟಕಿಯ ಗಾಜಿಗಾಗಿ ಎರಡು ವರ್ಷ ಹುಡುಕಿದ್ದೇನೆ ಅಂದರು. ಅಪರೂಪ ಅಂದರೆ ಸ್ಪೇರ್‌ಗೂ ಬರಗಾಲ ಅಲ್ವಾ? ಜಿಟಿ6ಗೆ ಆ ಕಷ್ಟ ಕಡಿಮೆ. ಅದರ ಬೆನ್ನಿಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳ ಬಳಗವಿದೆ. ಬೇಕಾದ ಎಷ್ಟೋ ಸಾಮಾನು ಇವತ್ತಿಗೂ ಹೊಸದಾಗಿ ಸಿಗುತ್ತದೆ.

2013ರಲ್ಲಿ ನಾಲ್ಕು ಜಿಟಿ6 ನೋಡಿದೆ. ಮೊದಲನೆಯದರಲ್ಲಿ ಟ್ರಯಂಫ್‌ನದೇ ದೊಡ್ಡ ಸೆಡಾನಿನ ಎರಡೂವರೆ ಲೀಟರ್ ಎಂಜಿನ್ ಕೂರಿಸಿದ್ದರು. ಪವರ್ ಜಾಸ್ತಿ ಅಂತ ಮಾರುವವರು ಹೆಮ್ಮೆಯಿಂದ ಹೇಳಿದರು. ಓಡಿಸಲು ಖುಷಿ, ನಿಜ. ಆದರೆ ನಾಳೆ ಕೊಳ್ಳುವವನು ಕಾರಿನ ಜೊತೆ ಬಂದ ಎಂಜಿನ್ನೇನಾ ಅಂತ ಮೊದಲು ಎಂಜಿನ್ ನಂಬರ್ ನೋಡುತ್ತಾನೆ. ಬಿಟ್ಟುಬಂದೆ. ಎರಡನೆಯದರಲ್ಲಿ ಕ್ಲಚ್ ಒತ್ತಿಸಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಮುಂತುದಿಯ ಪುಲ್ಲಿಯನ್ನು ನೋಡುತ್ತಾ ನಿಂತೆ. ಕ್ಲಚ್ ಒತ್ತಿದಾಗೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬರುತ್ತಿತ್ತು. ಕ್ರ್ಯಾಂಕು ಹಿಂದೆ ಮುಂದೆ ಸರಿಯದ ಹಾಗೆ ತಡೆಯುವ ಥ್ರಸ್ಟ್ ವಾಷರ್‌ಗಳು ಸವೆದಿವೆ ಅಂತ ಅರ್ಥ. ಅವು ಕಳಚಿಬಿದ್ದರೆ ಕ್ರ್ಯಾಂಕು, ಬ್ಲಾಕು ಎರಡೂ ಹಾಳು. ಈ ಎಂಜಿನ್‌ಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಅರ್ಧ ನಿಮಿಷ ಸಾಕು. ಮೂರನೆಯದು ಬರೀ ತುಕ್ಕು.

ನಾಲ್ಕನೆಯದು 1973ರ ಮಾರ್ಕ್ 3, ಅಂದರೆ ಜಿಟಿ6ರ ಮೂರನೇ ಆವೃತ್ತಿ. ವೇಗದ ಓಟದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು, ಓವರ್‌ಡ್ರೈವ್, ಇತ್ತು. ಎಂಜಿನ್ ಅದರದ್ದೇ. ಮೇಲೆ ಯಾರೋ ಕೆಂಪು ಬಣ್ಣ ಬಳಿದಿದ್ದರು. 6,200 ಪೌಂಡ್ ಕೊಟ್ಟು ತಂದೆ. ಓವರ್‌ಡ್ರೈವ್ ಇರುವುದಕ್ಕೆ ಸ್ವಲ್ಪ ಜಾಸ್ತಿಯೇ ಕೊಟ್ಟೆ, ಆ ಬಗ್ಗೆ ಬೇಜಾರಿಲ್ಲ. ಮೋಟರ್‌ವೇ ಮೇಲೆ ಅದಿಲ್ಲದಿದ್ದರೆ ಎಂಜಿನ್ ಕಿರುಚುತ್ತಲೇ ಇರುತ್ತದೆ.

ನಿಜವಾದ ಪಾಠ ಸಿಕ್ಕಿದ್ದು ಬಾಗಿಲ ಕೆಳಗಿನ ಸಿಲ್‌ಗಳಿಂದ. ಹೆರಾಲ್ಡ್‌ನ ಚಾಸಿಗೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಕಬ್ಬಿಣದ ಪಟ್ಟಿ ಇದೆ. ಸ್ಪಿಟ್‌ಫೈರ್‌ಗೆ, ಜಿಟಿ6ಗೆ ಅದಿಲ್ಲ. ಆ ಭಾರ ಹೊರುವುದು ಸಿಲ್‌ಗಳು. ಅಲ್ಲಿ ತುಕ್ಕು ಹಿಡಿದರೆ ಗಾಡಿಯ ಸೊಂಟವೇ ಬಿದ್ದಹಾಗೆ. ನನ್ನ ಗಾಡಿಯ ಎರಡೂ ಸಿಲ್ ಒಳಗೊಳಗೇ ತಿಂದುಹೋಗಿದ್ದವು. ಒಂದು ಗ್ಯಾರೇಜಿಗೆ ಬಿಟ್ಟೆ. ಅವರು ಕಾರನ್ನು ಲಿಫ್ಟಿಗೆ ಏರಿಸಿ, ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ಕೊಡದೆ ಹಳೇ ಸಿಲ್ ಕತ್ತರಿಸಿದರು. ಬಾಡಿ ಬಗ್ಗಿತು. ಹೊಸ ಸಿಲ್ ಬೆಸೆದು ಕೆಳಗಿಳಿಸಿದರೆ ಬಾಗಿಲೇ ಮುಚ್ಚುತ್ತಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಟ್ರಯಂಫ್ ಕೆಲಸ ಗೊತ್ತಿದ್ದ ಇನ್ನೊಬ್ಬ ವೆಲ್ಡರ್ ಎಲ್ಲ ಕಿತ್ತು, ಗಾಡಿಯನ್ನು ಅದರ ಚಕ್ರದ ಮೇಲೆಯೇ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಪೈಪ್ ಬೆಸೆದು ಬಿಗಿ ಮಾಡಿ ಮತ್ತೆ ಹಾಕಿಕೊಟ್ಟರು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಆದರೆ ಎರಡನೇ ಸಲ ನಾನು ದಿನಾ ಸಂಜೆ ಹೋಗಿ ಫೋಟೋ ತೆಗೆದೆ. ಕತ್ತರಿಸಿದ್ದು, ಒಳಗಿನ ತಗಡು, ಬೆಸುಗೆ, ತುಕ್ಕು ಹಿಡಿಯದಿರಲು ಮೇಣ ತುಂಬಿಸಿದ್ದು, ಎಲ್ಲ. ಆಗ ಸುಮ್ನೆ ತೆಗೆದಿದ್ದೆ. ಆ ಫೋಟೋಗಳ ಬೆಲೆ ಒಂಬತ್ತು ವರ್ಷದ ನಂತರ ಗೊತ್ತಾಯಿತು.

ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಗಾಡಿಯ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದೆ. ಕಾರ್ಖಾನೆಯ ಹಳೇ ದಾಖಲೆ ನೋಡಿ ಬರೆದುಕೊಡುತ್ತಾರೆ. ತಯಾರಾದ ದಿನ, ಎಂಜಿನ್ ನಂಬರ್, ಮೊದಲ ಬಣ್ಣ ಎಲ್ಲ ಅದರಲ್ಲಿರುತ್ತದೆ. ನನ್ನ ಕೆಂಪು ಗಾಡಿ ಹುಟ್ಟಿದ್ದು ಮ್ಯಾಲಾರ್ಡ್ ಬಣ್ಣದಲ್ಲಿ! ಮ್ಯಾಲಾರ್ಡ್ ಅಂದರೆ ಒಂದು ಕಾಡುಬಾತು. ಹಸಿರೋ ನೀಲಿಯೋ ಹೇಳಲಾಗದ ಬಣ್ಣ. ಮತ್ತೆ ಅದೇ ಬಣ್ಣ ಹೊಡೆಸಿದೆ. ಕೆಂಪಿನಲ್ಲಿ ಬೇಗ ಮಾರಾಟವಾಗುತ್ತದೆ ಅಂತ ಕೆಲವರು ತಡೆದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾಗದದಲ್ಲಿ ಒಂದು, ಕಣ್ಣೆದುರು ಇನ್ನೊಂದು ಇದ್ದರೆ ಕೊಳ್ಳುವವನ ಮನಸ್ಸಿನಲ್ಲಿ ಅನುಮಾನ ಶುರುವಾಗುತ್ತದೆ. ಇನ್ನೇನೇನು ಬದಲಾಗಿದೆಯೋ ಅಂತ.

ಸರ್ಕಾರದ ನಿಯಮಗಳಿಂದಲೂ ಅನುಕೂಲವಾಯಿತು. 2014ರ ಏಪ್ರಿಲ್‌ನಿಂದ, 1974ಕ್ಕೂ ಮುಂಚೆ ತಯಾರಾದ ಗಾಡಿಗಳಿಗೆ ರಸ್ತೆ ತೆರಿಗೆ ಇಲ್ಲವಾಯಿತು. 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾಯಿಸದ ಗಾಡಿಗಳಿಗೆ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷದ ತಪಾಸಣೆಯೂ, ಕಡ್ಡಾಯವಲ್ಲ. ನಾನು ಮಾತ್ರ ಪ್ರತಿ ವರ್ಷ ಮಾಡಿಸಿದೆ. ಅದರ ದಾಖಲೆ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಎಷ್ಟು ಮೈಲಿ ಓಡಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

2022ರಲ್ಲಿ ಮಾರಿದೆ. ಮಗಳು ಕಾಲೇಜಿಗೆ ಹೊರಟಿದ್ದಳು, ದುಡ್ಡು ಬೇಕಿತ್ತು. ಕೊಳ್ಳಲು ಬಂದವರು ನಿವೃತ್ತ ಮೇಷ್ಟರು. ಗಾಡಿಯನ್ನು ಒಂದು ಸುತ್ತು ನೋಡಿ, ಬಾಗಿಲನ್ನು ನಾಲ್ಕು ಸಲ ತೆಗೆದು ಮುಚ್ಚಿ, ಫೈಲ್ ಇದೆಯಾ ಅಂತ ಕೇಳಿದರು. ಅಡಿಗೆಮನೆಯ ಟೇಬಲ್ ಮುಂದೆ ಎರಡು ಗಂಟೆ ಕೂತು ಪ್ರತಿ ಬಿಲ್ಲನ್ನೂ ಓದಿದರು. ಸಿಲ್ ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ಮೊದಲ ಗ್ಯಾರೇಜಿನ ಎಡವಟ್ಟನ್ನೂ ಮುಚ್ಚಿಡದೆ ಹೇಳಿದೆ. ಎಷ್ಟು ಅಪರೂಪದ ಗಾಡಿ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಕೊನೆಗೆ ಟ್ರನಿಯನ್‌ಗೆ, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಕೆಳಗಿನ ಕೀಲಿಗೆ, ಏನು ಹಾಕುತ್ತೀರಿ ಅಂದರು. ಗ್ರೀಸ್ ಅಲ್ಲ, ಗೇರ್ ಎಣ್ಣೆ ಅಂದೆ. ಗ್ರೀಸ್ ಹಾಕಿದರೆ ಒಳಗೆ ಒಣಗಿ, ಸವೆದು, ಒಂದು ದಿನ ಚಕ್ರವೇ ಮಡಚಿಕೊಳ್ಳುತ್ತದೆ. ಮೈಸೂರಿನ ಮೇಸ್ತ್ರಿ ಹೆರಾಲ್ಡ್‌ಗೆ ಇದನ್ನೇ ಮಾಡುತ್ತಿದ್ದರು, ಹುಡುಗನಾಗಿದ್ದಾಗ ಕಲಿತದ್ದು ಅಂತಲೂ ಹೇಳಿದೆ. ಅವರು ಹೆಚ್ಚು ಚೌಕಾಸಿ ಮಾಡದೆ 13,750 ಪೌಂಡಿಗೆ ಒಪ್ಪಿದರು.

ಲೆಕ್ಕ ಹೇಳಿಬಿಡುತ್ತೇನೆ. ಕೊಂಡಿದ್ದು 6,200. ವೆಲ್ಡಿಂಗ್, ಬಣ್ಣ, ಗೇರ್‌ಬಾಕ್ಸ್, ಸಣ್ಣಪುಟ್ಟ ಕೆಲಸ ಎಲ್ಲ ಸೇರಿ 8,900. ಅಂದರೆ 1,350 ಪೌಂಡ್ ಕೈ ಬಿಟ್ಟಿತು. ಇನ್ಶೂರೆನ್ಸು, ಪೆಟ್ರೋಲು ಬೇರೆ. ಸಿಲ್ ಕೆಲಸ ಒಂದೇ ಸಲಕ್ಕೆ ಆಗಿದ್ದರೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಲಾಭಕ್ಕೆ ಅಂತ ಇಂಥ ಗಾಡಿ ಕೊಳ್ಳಬೇಡಿ ಅಂತ ಸ್ನೇಹಿತರಿಗೆ ಹೇಳುತ್ತಲೇ ಇರುತ್ತೇನೆ. ಆದರೆ ಒಂಬತ್ತು ವರ್ಷ ಹೊಸ ಕಾರು ಇಟ್ಟುಕೊಂಡಿದ್ದರೆ ಎಷ್ಟು ಕಳೆದುಕೊಳ್ಳುತ್ತಿದ್ದೆ ಅಂತಲೂ ಯೋಚಿಸುತ್ತೇನೆ.

ಈಗ ಮತ್ತೆ ಹುಡುಕುತ್ತಿದ್ದೇನೆ. ಈ ಸಲ ಟ್ರಯಂಫ್‌ನದೇ ಎರಡು ಲೀಟರ್ ವಿಟೆಸ್. ಹೆಚ್ಚುಕಡಿಮೆ ದೊಡ್ಡಪ್ಪನ ಹೆರಾಲ್ಡ್‌ನ ಬಾಡಿ, ಒಳಗೆ ಜಿಟಿ6ರ ಎರಡು ಲೀಟರ್ ಎಂಜಿನ್. ಬರುವ ಶನಿವಾರ ಒಂದನ್ನು ನೋಡಲು ಹೋಗಬೇಕು. ಬಿಲ್ಲುಗಳನ್ನು ಮೊದಲೇ ಫೋಟೋ ತೆಗೆದು ಕಳಿಸಿ ಅಂತ ಮಾಲೀಕರನ್ನು ಕೇಳಿದ್ದೇನೆ.